ಯುದ್ಧಕಾಲದ ಮಹಿಳೆಯರ ಬಗ್ಗೆ ಎಂ.ಎ. ಪ್ರಬಂಧ: ಬ್ರಿಟನ್ ತಗೊಳ್ಳಲಾ, ನಮ್ಮ 1962 ತಗೊಳ್ಳಲಾ?

"ಯುದ್ಧ ಹೆಣ್ಣಿಗೆ ಸ್ವಾತಂತ್ರ್ಯ ಕೊಟ್ಟಿತೇ ಅನ್ನೋದು ವಿಷಯ. ಬ್ರಿಟನ್ ಆದರೆ ದಾಖಲೆ ಸಿಗುತ್ತೆ, ಇಲ್ಲಿನದಕ್ಕೆ ಅಜ್ಜಿಯ ನೆನಪು ಮಾತ್ರ" ಅಂದಿದ್ದೀರಿ. 18 ವರ್ಷದ ಹಿಂದೆ ನನ್ನ ಗೈಡ್ ಮುಂದೆ ಇದೇ ಮಾತಾಡಿ ನಾನು ಬ್ರಿಟನ್ ಆರಿಸಿಕೊಂಡೆ.

ಬ್ರಿಟನ್ ಸಲೀಸು. ಎರಡನೇ ಮಹಾಯುದ್ಧದ ಹೊತ್ತಲ್ಲಿ, 1941ರ ಡಿಸೆಂಬರಿನ ಕಾಯ್ದೆ ಅಲ್ಲಿನ ಹೆಂಗಸರನ್ನೂ ಕಡ್ಡಾಯ ಸೇವೆಗೆ ಕರೆಯಿತು. ಮೊದಲಿಗೆ 20ರಿಂದ 30 ವಯಸ್ಸಿನ ಮದುವೆಯಾಗದವರು, ಮಕ್ಕಳಿಲ್ಲದ ವಿಧವೆಯರು. ಆಕೆಯೇ ಬರೆದು ಒಪ್ಪದ ಹೊರತು ಕೈಗೆ ಮಾರಕಾಸ್ತ್ರ ಕೊಡುವಂತಿಲ್ಲ ಅಂತಲೂ ಅದರಲ್ಲಿತ್ತು. ಎಲ್ಲ ಅಚ್ಚಾಗಿ ಕೂತಿದೆ, ನಕಲು ಮಾಡಿಕೊಂಡರೆ ಆಯ್ತು.

ಹೋಲಿಕೆಗೆ ಒಂದು ಅಧ್ಯಾಯ ಇರಲಿ ಅಂತ ಅಜ್ಜಿ ಹತ್ರ ಹೋದೆ. ತಿಪಟೂರಿನ ಹತ್ತಿರದ ಹಳ್ಳಿ. 1962ರ ಚೀನಾ ಯುದ್ಧದಲ್ಲಿ ನಮ್ಮ ಹೆಂಗಸರನ್ನು ಕರೆಯೋಕೆ ಅಂಥ ಕಾಯ್ದೆಯೇನೂ ಇರಲಿಲ್ಲ. ರಕ್ಷಣಾ ನಿಧಿಗೆ ಚಿನ್ನ ಕೊಡಿ, ಜವಾನರಿಗೆ ಸ್ವೆಟರ್ ಹೆಣೆಯಿರಿ ಅನ್ನೋ ಕರೆ, ಅಷ್ಟೇ. ಅಜ್ಜಿ ನಾಲ್ಕು ಸ್ವೆಟರ್ ಹೆಣೆದಿದ್ದರು, ಎರಡು ಬಳೆ ಕೊಟ್ಟಿದ್ದರು.

ನಾನು ಟೇಪ್ ರೆಕಾರ್ಡರ್ ಇಟ್ಟಿದ್ದು ನಡುಮನೆಯಲ್ಲಿ, ತಾತನ ಆರಾಮಕುರ್ಚಿ ಪಕ್ಕ. "ಇಷ್ಟಪಟ್ಟೇ ಕೊಟ್ರಾ ಅಜ್ಜಿ?" ಅಂದೆ. "ಊರಿಗೆ ಊರೇ ಕೊಡ್ತು" ಅಂದರು ತಾತ. "ಹೂಂ ಕಣಮ್ಮ, ಕೊಟ್ಟೆ" ಅಂತ ಅಜ್ಜಿ ಒಳಗೆ ಹೋದರು. ನಾನು "ಸ್ವಯಂಪ್ರೇರಿತ" ಅಂತ ಬರೆದುಕೊಂಡೆ.

ಕೆಟ್ಟಿದ್ದು ಅಲ್ಲೇ. ತಾತ ಕೆಟ್ಟವರೇನಲ್ಲ. ಹೆಡ್ ಮೇಷ್ಟ್ರು, ವಸೂಲಿಯ ಹೊಣೆ ಅವರದು. ಮೇಷ್ಟ್ರ ಹೆಂಡತಿಯ ಕೈಯಲ್ಲೇ ಬಳೆ ಉಳಿದಿದ್ದರೆ ಮಿಕ್ಕವರು ಯಾಕೆ ಬಿಚ್ಚಿಕೊಡ್ತಾರೆ? ಆದರೆ ನಾನು ಕೇಳಿದ ಜಾಗವೂ ತಪ್ಪು, ಕೇಳಿದ ಪ್ರಶ್ನೆಯೂ ತಪ್ಪು. ಗಂಡನ ಎದುರು "ಇಷ್ಟಪಟ್ಟು ಕೊಟ್ರಾ" ಅಂತ ಕೇಳಿದರೆ ಆ ತಲೆಮಾರಿನವರ ಬಾಯಲ್ಲಿ ಬೇರೆ ಯಾವ ಉತ್ತರ ಬಂದೀತು? ಅಡುಗೆಮನೆಯಲ್ಲಿ ಸೊಪ್ಪು ಬಿಡಿಸ್ತಾ ಕೂತು, ಯಾರು ಬಂದು ಕೇಳಿದರು, ಬಳೆ ಯಾರು ಬಿಚ್ಚಿದ್ದು, ರಸೀದಿ ಯಾರ ಹೆಸರಿಗೆ ಬಂತು ಅಂತ ಕೇಳಬೇಕಿತ್ತು.

ಮರುವರ್ಷ ಅಜ್ಜಿ ತೀರಿಕೊಂಡರು. ಟ್ರಂಕಿನಲ್ಲಿ ರಸೀದಿ ಸಿಕ್ಕಿತು. ತಾತನ ಹೆಸರಲ್ಲಿತ್ತು! ಅವು ಅಜ್ಜಿಯ ತವರಿನ ಬಳೆ ಅಂತ ಸೋದರತ್ತೆ ಆಗ ಹೇಳಿದರು. ಹೊಸದು ಮಾಡಿಸಿಕೊಡ್ತೀನಿ ಅಂದಿದ್ದರಂತೆ ತಾತ. ಅಷ್ಟರಲ್ಲಿ 1963ರ ಜನವರಿಯ ಚಿನ್ನ ನಿಯಂತ್ರಣ ಬಂತು, 14 ಕ್ಯಾರೆಟ್ಟಿಗಿಂತ ಹೆಚ್ಚಿನ ಒಡವೆ ಮಾಡುವಂತಿಲ್ಲ. 14 ಕ್ಯಾರೆಟ್ಟಿನದು ನನಗೆ ಬೇಡ ಅಂದ ಅಜ್ಜಿ ಕೊನೇತನಕ ಗಾಜಿನ ಬಳೆಯಲ್ಲೇ ಇದ್ದರು. ಆ ಗಾಜಿನ ಬಳೆ ನೋಡಿಕೊಂಡೇ ನಾನು ಬೆಳೆದಿದ್ದು.

ಹಾಗಾಗಿ, ಸ್ವಾತಂತ್ರ್ಯ ಕೊಟ್ಟಿತೇ ಅನ್ನೋ ಪ್ರಶ್ನೆಯನ್ನೇ ಬಿಡಿ. ಅದು ಪರೀಕ್ಷೆಗೆ ಹುಟ್ಟಿದ ಪ್ರಶ್ನೆ. ಬ್ರಿಟನ್ನಿನ ಆ ಕಾಯ್ದೆ ಬಲವಂತದ್ದೇ, ಆದರೂ ಅಸ್ತ್ರ ಕೊಡೋಕೆ ಅವಳ ಸಹಿಯನ್ನಾದರೂ ಕೇಳಿತ್ತು. ನಮ್ಮ ಮನೆಯಲ್ಲಿ ಸರ್ಕಾರ ಅಜ್ಜಿಯ ಕೈವರೆಗೆ ಬಂದಿದ್ದು ತಾತನ ಮೂಲಕ. 1962 ತಗೊಳ್ಳಿ. ಸಿನಾಪ್ಸಿಸ್‌ಗೆ (ಪ್ರಬಂಧದ ರೂಪುರೇಷೆಗೆ) ಗೈಡ್ ಸಹಿ ಬೀಳಲಿ ಅಂತ ಕಾಯಬೇಡಿ, ಈ ಭಾನುವಾರವೇ ಊರಿಗೆ ಹೋಗಿ. ಮೊದಲ ದಿನ ರೆಕಾರ್ಡಿಂಗ್ ಬೇಡ. ತಾತ ಇದ್ದರೆ ಅಂಗಡಿಗೆ ಕಳಿಸಿ. ಸ್ವೆಟರಿನ ಉಲ್ಲನ್‌ಗೆ ಯಾರು ದುಡ್ಡು ಕೊಟ್ಟಿದ್ದು ಅಂತಲೂ ಕೇಳಿ, ನಾನು ಅದನ್ನೂ ಕೇಳಲಿಲ್ಲ.