ಮೆಚ್ಚಿನ ಕವಿಗಳ ಗೋಷ್ಠಿಗೆ ಹೋಗುವ ಮುಂಚೆ ಅವರ ಕವಿತೆಗಳನ್ನೆಲ್ಲ ಓದಿಕೊಂಡು ಹೋಗಬೇಕಾ?

ಬೇಡ. ಪುಸ್ತಕ ಕೈಯಲ್ಲಿ ಹಿಡಿದು ಕೂರುವುದಂತೂ ಬೇಡವೇ ಬೇಡ. ಬೆಳಗಾವಿಯ ಗೋಷ್ಠಿಗೆ ನೀವು ಈಗಿನಿಂದಲೇ ತಯಾರಿ ನಡೆಸಿದ್ದೀರಿ ಅಂತ ಓದಿ ನನಗೆ 2013ರ ಫೆಬ್ರುವರಿ ನೆನಪಾಯಿತು.

ಆಗ ವಿಜಯಪುರದಲ್ಲಿ 79ನೇ ಸಾಹಿತ್ಯ ಸಮ್ಮೇಳನ. ಊರಿನ ಹೆಸರು ಇನ್ನೂ ಬಿಜಾಪುರ ಅಂತಲೇ ಇತ್ತು. ಬಾಗಲಕೋಟೆಯಿಂದ ನಾನು, ನಮ್ಮ ಕಾಕಾ ಬೆಳಗಿನ ಬಸ್ಸು ಹಿಡಿದೆವು. ಕಾಕಾನ ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನನ್ನ ಚೀಲದಲ್ಲಿ ಬರೀ ಪುಸ್ತಕ. ಕಾಲೇಜಿನ ದಿನಗಳಿಂದ ಓದುತ್ತಾ ಬಂದಿದ್ದ ಕವಿಯೊಬ್ಬರನ್ನು ಅವತ್ತು ಮೊದಲ ಸಲ ಕೇಳುವವನಿದ್ದೆ.

ಅವರು ಮೈಕಿನ ಮುಂದೆ ಬಂದರು. ನಾನು ಪುಸ್ತಕ ತೆರೆದು, ಸಾಲಿನ ಕೆಳಗೆ ಬೆರಳಿಟ್ಟು ಅವರ ಜೊತೆ ಓದತೊಡಗಿದೆ. ಕೆಟ್ಟಿದ್ದು ಅಲ್ಲೇ. ಅಚ್ಚಿನಲ್ಲಿ ‘ಹೊಲ’ ಇದ್ದ ಕಡೆ ಅವರು ‘ನೆಲ’ ಅಂದರು. ಬಾಯಿತಪ್ಪಿ ಬಂತಾ, ಬೇಕಂತಲೇ ಬದಲಿಸಿದರಾ? ಇದನ್ನು ಯೋಚಿಸುವಷ್ಟರಲ್ಲಿ ಒಂದು ನುಡಿ ಪೂರ್ತಿ ಬಿಟ್ಟು ಮುಂದೆ ಹೋಗಿಬಿಟ್ಟಿದ್ದರು. ಪುಟ ತಿರುವಿದೆ, ಹಿಂದೆ ಬಂದೆ, ಮತ್ತೆ ತಿರುವಿದೆ. ಸಾಲು ಸಿಕ್ಕಿತು ಅನ್ನುವಾಗ ಸಭೆ ಪೂರಾ ಸುಮ್ಮನಾಗಿತ್ತು. ತಲೆ ಎತ್ತಿದರೆ ಅವರು ಕಾಗದ ಮಡಚಿಕೊಂಡು ಹೊರಟಿದ್ದರು. ಕಣ್ಣು ಅಕ್ಷರದ ಮೇಲಿದ್ದರೆ ಕಿವಿ ಕೇಳುವುದಿಲ್ಲ, ತಾಳೆ ನೋಡುತ್ತದೆ ಅಷ್ಟೇ. ಮನೆಯಲ್ಲಿ ನೂರು ಸಲ ನೋಡಿದ ಪುಟವನ್ನೇ ಅಲ್ಲೂ ನೋಡುತ್ತಾ ಕೂತಿದ್ದೆ, ಅವರ ಮುಖ ನೋಡಲಿಲ್ಲ.

ವಾಪಸ್ ಬರುವಾಗ ಕೊಲ್ಹಾರ ಸೇತುವೆಯ ಮೇಲೆ ಕಾಕಾ ಕೇಳಿದರು: “ಕಡೀ ಸಾಲಿಗೆ ಕಣ್ಣ ಮುಚ್ಚಿ ಅಂಗೈ ಹಿಂಗ ತೆರೆದ್ರಲ್ಲ, ನೋಡಿದ್ಯೇನು?” ಬಸ್ಸಿನಲ್ಲೇ ಅಂಗೈ ಬಿಚ್ಚಿ ತೋರಿಸಿದರು. ನಾನು ನೋಡಿರಲಿಲ್ಲ. ಆ ಕವಿ ಈಗ ಇಲ್ಲ.

ನಿಮ್ಮ ಬೆಳಗಾವಿಯಲ್ಲೇ 1929ರಲ್ಲಿ, ಮಾಸ್ತಿಯವರು ಅಧ್ಯಕ್ಷರಾಗಿದ್ದ ಸಮ್ಮೇಳನದಲ್ಲಿ, ಬೇಂದ್ರೆ ‘ಹಕ್ಕಿ ಹಾರುತಿದೆ ನೋಡಿದಿರಾ’ ಓದಿ ಸಭೆಯ ಮನಸ್ಸು ಗೆದ್ದರು. ಆ ಕವಿತೆ ಇರುವ ‘ಗರಿ’ ಅಚ್ಚಾಗಿದ್ದು 1932ರಲ್ಲಿ. ಅಂದರೆ ಕೇಳಿದವರ ಕೈಯಲ್ಲಿ ಪುಸ್ತಕ ಇರಲೇ ಇಲ್ಲ ಅಲ್ವಾ? ಕಿವಿಯೊಂದೇ ಸಾಕಾಯಿತು.

ಹಾಗಾಗಿ ಎಲ್ಲ ಸಂಕಲನ ಓದಿ ಮುಗಿಸುವ ಹಟ ಬಿಡಿ. ಕೇಳಿ ಬಂದ ಮೇಲೆ ಓದಿ, ಆ ದನಿ ಪುಟದಲ್ಲಿ ಕೇಳಿಸುತ್ತದೆ. ಆಮಂತ್ರಣ ಪತ್ರಿಕೆಯ ಸಮಯ ನಂಬಬೇಡಿ, ಗೋಷ್ಠಿಗಳು ತಡವಾಗುವುದೇ ಜಾಸ್ತಿ. ಆದರೂ ಬೇಗ ಹೋಗಿ, ಕವಿಯ ಮುಖ, ಕೈ ಕಾಣುವ ಕಡೆ ಕೂರಿ. ಮೊಬೈಲೂ ಜೇಬಿನಲ್ಲಿರಲಿ. ಸಹಿ ಬೇಕಿದ್ದರೆ ಒಂದು ಪುಸ್ತಕ, ಒಂದು ಪೆನ್ನು ಚೀಲದಲ್ಲಿ ಇಟ್ಟುಕೊಳ್ಳಿ. ಅವರು ವೇದಿಕೆ ಇಳಿದ ಮೇಲೆ ತೆಗೆದರಾಯಿತು.