ಕ್ಲಬ್ ನಲವತ್ತು, ಶನಿವಾರ ಒಂದೇ

ಅಂತರರಾಷ್ಟ್ರೀಯ ಶಾಲೆಗಳ ಕ್ಲಬ್ಬು, ಪಠ್ಯೇತರ ಚಟುವಟಿಕೆ ಕುರಿತು ಓದುಗರು ಕೇಳಿದ ಪ್ರಶ್ನೆಗಳು ಈ ಸಂಚಿಕೆಯಲ್ಲಿವೆ. ಇಂಥ ಶಾಲೆಗಳಲ್ಲಿ ಚಟುವಟಿಕೆ ವಿಭಾಗ ನೋಡಿಕೊಳ್ಳುವ ಶಿಕ್ಷಕರು ಉತ್ತರಿಸಿದ್ದಾರೆ.

ಪ್ರಶ್ನೆ: ಮಗಳು ಹತ್ತರವರೆಗೆ ಸಿಬಿಎಸ್‌ಇಯಲ್ಲಿ ಓದಿ, ಈಗ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್) ಶಾಲೆಯಲ್ಲಿ ಹನ್ನೊಂದಕ್ಕೆ ಸೇರಿದ್ದಾಳೆ. ಮೊದಲ ವಾರವೇ ನಲವತ್ತು ಕ್ಲಬ್ಬುಗಳ ಪಟ್ಟಿ ಕೊಟ್ಟರಂತೆ. ಏಳಕ್ಕೆ ಹೆಸರು ಕೊಟ್ಟು ಬಂದಿದ್ದಾಳೆ. ‘ಕ್ಯಾಸ್ ಮುಗಿಸದಿದ್ದರೆ ಡಿಪ್ಲೊಮಾನೇ ಸಿಗಲ್ಲಮ್ಮ’ ಅಂತಾಳೆ. ಹೌದೇ?
– ತಾಯಿಯೊಬ್ಬರು, ವೈಟ್‌ಫೀಲ್ಡ್, ಬೆಂಗಳೂರು

ಉತ್ತರ: ಓದಿನಾಚೆಯ ಚಟುವಟಿಕೆಗಳ ಭಾಗವಾದ ಕ್ಯಾಸ್ ಮುಗಿಸದಿದ್ದರೆ ಡಿಪ್ಲೊಮಾ ಸಿಗುವುದಿಲ್ಲ ಅನ್ನುವುದು ನಿಜ. ಏಳು ಕ್ಲಬ್ ಸೇರಬೇಕು ಅಂತ ಮಾತ್ರ ಐಬಿ ಎಲ್ಲೂ ಹೇಳಿಲ್ಲ. ಆ ಏಳು ಎಲ್ಲಿಂದ ಬಂತು ಅನ್ನುವುದನ್ನು ಊಹಿಸಬಹುದು: ಕ್ಯಾಸ್‌ನಲ್ಲಿ ಏಳು ಕಲಿಕಾ ಫಲಗಳಿವೆ. ತನ್ನ ಬಲ ಮತ್ತು ಕೊರತೆ ಅರಿಯುವುದು, ಹೊಸ ಕೌಶಲಕ್ಕೆ ಕೈಹಾಕುವುದು, ತಾನೇ ಯೋಜಿಸಿ ಆರಂಭಿಸುವುದು, ಹಿಡಿದದ್ದನ್ನು ಬಿಡದಿರುವುದು, ಜೊತೆಗೂಡಿ ದುಡಿಯುವುದು, ಜಗತ್ತಿನ ಒಂದು ಸಮಸ್ಯೆಯೊಂದಿಗೆ ತೊಡಗುವುದು, ತನ್ನ ನಡೆಯ ಸರಿ–ತಪ್ಪು ಯೋಚಿಸುವುದು. ಪ್ರತಿಯೊಂದಕ್ಕೂ ಒಂದಾದರೂ ಪುರಾವೆ ಬೇಕು. ಏಳಕ್ಕೂ ಪುರಾವೆ ಎರಡೇ ಚಟುವಟಿಕೆಯಲ್ಲಿ ಸಿಕ್ಕರೂ ಸಾಕು.

ಕ್ಯಾಸ್ ಅಂದರೆ ಸೃಜನಶೀಲತೆ, ದೈಹಿಕ ಚಟುವಟಿಕೆ, ಸೇವೆ. ಇದಕ್ಕೆ ಅಂಕವಿಲ್ಲ. ಡಿಪ್ಲೊಮಾದ ಒಟ್ಟು 45 ಅಂಕದಲ್ಲಿ ಒಂದೂ ಇದರಿಂದ ಬರುವುದಿಲ್ಲ. ಹಿಂದೆ 150 ಗಂಟೆಯ ಲೆಕ್ಕ ಇತ್ತು, ಅದನ್ನು ಕೈಬಿಟ್ಟು ವರ್ಷಗಳೇ ಆದವು. ಈಗಿನ ಅಳತೆ ಕಾಲದ್ದು: ಸುಮಾರು 18 ತಿಂಗಳು, ಮೂರೂ ಬಗೆ, ಹೆಚ್ಚುಕಮ್ಮಿ ವಾರವಾರವೂ. ನಡುವೆ ಕನಿಷ್ಠ ಒಂದು ತಿಂಗಳು ನಡೆಯುವ, ಗುಂಪಿನಲ್ಲಿ ಮಾಡುವ ಒಂದು ಪ್ರಾಜೆಕ್ಟ್. ಕೋಆರ್ಡಿನೇಟರ್ ಜೊತೆ ಮೂರು ಸಂದರ್ಶನ. ಆಗಸ್ಟ್‌ನಲ್ಲಿ ಶುರುಮಾಡಿದರೆ ಎರಡನೇ ವರ್ಷದ ಜನವರಿ–ಫೆಬ್ರುವರಿಗೆ ಮುಗಿಯುತ್ತದೆ. ಮೇ ಪರೀಕ್ಷೆಯ ಹೊತ್ತಿಗೆ ಇದರ ಗೊಡವೆ ಇರಬಾರದು.

ಆರು ವಿಷಯ, 4,000 ಪದದ ಪ್ರಬಂಧ, ಅದರ ಮೇಲೆ ಜ್ಞಾನಮೀಮಾಂಸೆಯ ಕೋರ್ಸು ಇರುವಾಗ ವಾರಕ್ಕೆ ಎರಡು ಮೂರು ಗಂಟೆಗಿಂತ ಹೆಚ್ಚು ಉಳಿಯುವುದಿಲ್ಲ. ಒಂದು ಕ್ಲಬ್, ಒಂದು ಆಟ, ಒಂದು ಸೇವೆ ಇಟ್ಟುಕೊಂಡು ಉಳಿದ ನಾಲ್ಕಕ್ಕೆ ಈಗಲೇ ಇಲ್ಲ ಅಂತ ಹೇಳಿಬಿಡಲಿ. ದೀಪಾವಳಿ ಹೊತ್ತಿಗೆ ಹಾಜರಿ ಕುಸಿದ ಮೇಲೆ ಬಿಡುವುದಕ್ಕಿಂತ ಅದು ಮರ್ಯಾದೆ.

ಯಾವುದು ಲೆಕ್ಕಕ್ಕೆ ಬರುತ್ತದೆ ಅನ್ನುವುದರಲ್ಲೇ ಹೆಚ್ಚು ಎಡವಟ್ಟು. ಎಂಟು ವರ್ಷದಿಂದ ಹೋಗುತ್ತಿರುವ ಭರತನಾಟ್ಯದ ಕ್ಲಾಸಿಗೆ ಈಗಲೂ ಹೋಗುತ್ತಿದ್ದೇನೆ ಅನ್ನುವುದಷ್ಟೇ ಸಾಲದು. ಅದೇ ಹುಡುಗಿ ಕಿರಿಯರ ಅಲರಿಪುವಿಗೆ ನಟುವಾಂಗ (ತಾಳ ಹಾಕಿ ನೃತ್ಯ ನಡೆಸುವುದು) ಮಾಡಲು ಕಲಿತರೆ ಅದು ಹೊಸ ಹೆಜ್ಜೆ. ಬೇರೆ ವಿಷಯದ ಅಸೈನ್‌ಮೆಂಟಿಗೆ ಮಾಡಿದ ಕೆಲಸವನ್ನು ಇಲ್ಲಿಯೂ ತೋರಿಸುವಂತಿಲ್ಲ. ಪೂಜೆ, ಧರ್ಮಪ್ರಚಾರ, ಸಂಬಳದ ಕೆಲಸ, ಮನೆಯ ಅಜ್ಜಿಯನ್ನು ನೋಡಿಕೊಳ್ಳುವುದು ಇವ್ಯಾವೂ ಲೆಕ್ಕಕ್ಕಿಲ್ಲ.

ಕೊನೆಗೆ ಎಲ್ಲರೂ ಸಿಕ್ಕಿಬೀಳುವುದು ಬರವಣಿಗೆಯಲ್ಲಿ. ‘ಇಂದು ಸರ್ಕಾರಿ ಶಾಲೆಗೆ ಹೋದೆವು. ಮಕ್ಕಳಿಗೆ ಪಾಠ ಹೇಳಿಕೊಟ್ಟೆವು. ತುಂಬಾ ಖುಷಿಯಾಯಿತು.’ ಇಂಥ ಮೂವತ್ತು ಟಿಪ್ಪಣಿ ತುಂಬಿದ ಫೈಲು ಕೋಆರ್ಡಿನೇಟರ್ ಮೇಜಿನಿಂದ ವಾಪಸ್ ಬರುತ್ತದೆ. ಬೇಕಾದದ್ದು ಹೀಗೆ: ‘ಕಾಲು ದೊಡ್ಡದೋ ಎಂಟನೇ ಒಂದು ದೊಡ್ಡದೋ ಎಂದು ಕೇಳಿದಾಗ ಐವರಲ್ಲಿ ನಾಲ್ವರು ಎಂಟನೇ ಒಂದು ಎಂದರು. ಬೋರ್ಡಿನಲ್ಲಿ ಬರೆದದ್ದು ಉಪಯೋಗವಾಗಲಿಲ್ಲ. ಮುಂದಿನ ವಾರ ಕಾಗದ ಮಡಚಿ ತೋರಿಸಬೇಕು.’ ಇದರಲ್ಲಿ ಏನಾಯಿತು, ಯಾಕೆ, ಮುಂದೇನು ಮೂರೂ ಇವೆ. ಎರಡು ವಾರಕ್ಕೊಮ್ಮೆ ಇಂಥ ಐದಾರು ಸಾಲು ಬರೆದರೆ ಧಾರಾಳ. ಬರೆಯಲು ಬೇಸರವಾದರೆ ಮಾತಾಡಿ ರೆಕಾರ್ಡ್ ಮಾಡಿಯೂ ಹಾಕಬಹುದು. ಆದರೆ ಫೋಟೊ ಒಂದನ್ನೇ ಅಂಟಿಸಿದರೆ ನಡೆಯುವುದಿಲ್ಲ. ಪರೀಕ್ಷೆಗೆ ಮುಂಚಿನ ವಾರ ಕೂತು ಒಂದೂವರೆ ವರ್ಷದ್ದನ್ನು ಒಟ್ಟಿಗೆ ಬರೆದದ್ದು ನಾಲ್ಕು ಪುಟ ಓದುವಷ್ಟರಲ್ಲಿ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಇಂಟರ್‌ನ್ಯಾಷನಲ್ ಶಾಲೆಯವರು ‘ಸರ್ವೀಸ್’ ಅಂತ ಎರಡು ಶನಿವಾರ ಬರುತ್ತಾರೆ, ಗೋಡೆಗೆ ಬಣ್ಣ ಬಳಿದು, ನೋಟ್‌ಬುಕ್ ಹಂಚಿ, ಫೋಟೊ ತೆಗೆದುಕೊಂಡು ಹೋದರೆ ಮತ್ತೆ ಪತ್ತೆ ಇಲ್ಲ. ಬೇಡ ಅನ್ನಲೂ ಮನಸ್ಸಿಲ್ಲ. ಏನು ಮಾಡುವುದು?
– ಮುಖ್ಯ ಶಿಕ್ಷಕರು, ಆನೇಕಲ್ ತಾಲ್ಲೂಕು

ಉತ್ತರ: ಬೇಡ ಅನ್ನಬೇಡಿ ಸರ್, ಷರತ್ತು ಹಾಕಿ. ನಿಮ್ಮ ಕೈಯಲ್ಲೂ ಒಂದು ಹಿಡಿತ ಇದೆ. ಕ್ಯಾಸ್ ಸೇವೆಯ ಮೊದಲ ಹಂತವೇ ವಿಚಾರಣೆ: ಎದುರಿಗಿರುವವರಿಗೆ ನಿಜಕ್ಕೂ ಏನು ಬೇಕು ಎಂದು ಮಕ್ಕಳೇ ಕೇಳಿ ತಿಳಿಯಬೇಕು. ಹಾಗಾಗಿ ಬಣ್ಣದ ಡಬ್ಬಿ ಹಿಡಿದು ಬಂದವರನ್ನು ‘ಮೊದಲು ಅರ್ಧ ಗಂಟೆ ಕೂತು ಮಾತಾಡೋಣ’ ಎಂದು ನೀವು ಕೂರಿಸಿಕೊಂಡರೆ ಅವರ ನಿಯಮವನ್ನೇ ನೀವು ಪಾಲಿಸಿದಂತೆ. ಅವರ ಕೋಆರ್ಡಿನೇಟರ್ ಇದಕ್ಕೆ ಎದುರಾಡಲಾರರು.

ಕಾಗದದಲ್ಲಿ ಬರೆಸಿಕೊಳ್ಳಿ: ಕನಿಷ್ಠ ಹತ್ತು ಶನಿವಾರ, ಅದೇ ವಿದ್ಯಾರ್ಥಿಗಳು, ನಿಮ್ಮ ಅದೇ ಮಕ್ಕಳು, ಒಂದು ಸಲಕ್ಕೆ 45 ನಿಮಿಷ. ಶನಿವಾರ ನಿಮ್ಮದು ಬೆಳಗಿನ ಶಾಲೆ, ಅವರಿಗೆ ಸಾಮಾನ್ಯವಾಗಿ ರಜೆ. ಹಾಗಾಗಿ ಒಂಬತ್ತರಿಂದ ಹತ್ತರ ಹೊತ್ತು ಇಬ್ಬರಿಗೂ ಹೊಂದುತ್ತದೆ. ಕ್ಯಾಲೆಂಡರ್ ಮಾತ್ರ ಕೈಕೊಡುತ್ತದೆ. ನಿಮ್ಮ ವರ್ಷ ಮೇ ಕೊನೆ–ಜೂನ್‌ಗೆ ಶುರು, ಅಂಥ ಅನೇಕ ಶಾಲೆಗಳದು ಆಗಸ್ಟ್‌ಗೆ. ನಿಮಗೆ ಅಕ್ಟೋಬರ್‌ನಲ್ಲಿ ದಸರಾ ರಜೆ, ಅವರಿಗೆ ಡಿಸೆಂಬರ್‌ನಲ್ಲಿ ಉದ್ದ ರಜೆ. ಎರಡು ಕ್ಯಾಲೆಂಡರ್ ಪಕ್ಕದಲ್ಲಿಟ್ಟು ಹತ್ತು ದಿನಾಂಕ ಗುರುತು ಹಾಕಿ, ನಿಮ್ಮ ಕಿರುಪರೀಕ್ಷೆಯ ವಾರಗಳನ್ನು ಹೊಡೆದುಹಾಕಿ. ಬಿಇಒ ಅವರ ಅನುಮತಿ ಪತ್ರ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಒಂದು ನಡಾವಳಿ, ಇವೆರಡೂ ಮೊದಲ ಭೇಟಿಗೆ ಮುಂಚೆ ಆಗಿರಲಿ.

ಒಬ್ಬ ವಿದ್ಯಾರ್ಥಿಗೆ ನಿಮ್ಮ ನಾಲ್ಕೈದು ಮಕ್ಕಳು. ಮೂವತ್ತು ಮಕ್ಕಳ ತರಗತಿಗೆ ಆರೇಳು ಮಂದಿ ಬಂದರೆ ಸಾಕು, ಇಪ್ಪತ್ತೈದು ಜನರ ಬಸ್ಸು ಬಂದರೆ ಅದು ಜಾತ್ರೆ. ನಿಮ್ಮ ಶಿಕ್ಷಕರೊಬ್ಬರು ಕೊಠಡಿಯಲ್ಲಿ ಇರಲೇಬೇಕು. ಒಂದರಿಂದ ಮೂರರ ನಲಿ–ಕಲಿ ಕೊಠಡಿಗೆ ಬಿಡಬೇಡಿ. ಅಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯ ತನ್ನದೇ ಮೆಟ್ಟಿಲಲ್ಲಿ, ತನ್ನ ಕಾರ್ಡು ಹಿಡಿದು ಕೂತಿರುತ್ತದೆ. ಹೊರಗಿನವರು ಬಂದು ಎಲ್ಲರಿಗೂ ಒಂದೇ ಪಾಠ ಹೇಳಿದರೆ ಆ ವ್ಯವಸ್ಥೆ ಅಸ್ತವ್ಯಸ್ತ. ಐದರಿಂದ ಏಳನೇ ತರಗತಿ ಸರಿ.

ಬರುವವರಲ್ಲಿ ಎಷ್ಟು ಜನಕ್ಕೆ ಕನ್ನಡ ಬರುತ್ತದೆ ಎಂದು ಮೊದಲೇ ಕೇಳಿ. ಬಾರದವರಿಂದ ಗಣಿತ ಪಾಠ ಬೇಡ. ಇಂಗ್ಲಿಷ್ ಜೋಡಿ ಓದು, ಖೋಖೋ ಬದಲು ಬ್ಯಾಡ್ಮಿಂಟನ್‌ನಂಥ ನಿಮ್ಮಲ್ಲಿಲ್ಲದ ಆಟ, ಗ್ರಂಥಾಲಯದ ಪುಸ್ತಕಗಳಿಗೆ ನಂಬರು ಹಾಕಿ ರಿಜಿಸ್ಟರ್ ಮಾಡುವುದು ಆದೀತು. (ಕನ್ನಡ ಬಲ್ಲ ಮಕ್ಕಳು ಆ ಶಾಲೆಗಳಲ್ಲೂ ಇದ್ದಾರೆ. ಮುಂದೆ ಬರಲು ಸಂಕೋಚಪಡುತ್ತಾರೆ ಅಷ್ಟೆ. ಹೆಸರು ಹಿಡಿದು ಕೇಳಿ ಕರೆಸಿಕೊಳ್ಳಿ.) ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳ ಮುಖ ಕಾಣುವ ಫೋಟೊ ಕೂಡದು ಎಂದು ಗೇಟಿನಲ್ಲೇ ಹೇಳಿ. ಕೊಡುಗೆ ಕೊಡುತ್ತೇವೆ ಅಂದರೆ ನೋಟ್‌ಬುಕ್ ಬೇಡ, ನಿಮ್ಮದೇ ಪಟ್ಟಿ ಕೊಡಿ: ಪುಸ್ತಕದ ರ‍್ಯಾಕು, ಗೋಡೆ ಗಡಿಯಾರ, ನಲ್ಲಿಯ ವಾಷರು, ಏನಿದ್ದರೂ ಸರಿ.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ಮೊದಲ ಸಲ ಎಂಯುಎನ್‌ಗೆ (ಮಕ್ಕಳು ದೇಶಗಳ ಪ್ರತಿನಿಧಿಗಳಾಗಿ ನಡೆಸುವ ಅಣಕು ವಿಶ್ವಸಂಸ್ಥೆ) ಹೋಗುತ್ತಿದ್ದೇನೆ. ಹವಾಮಾನ ಬದಲಾವಣೆಯ ಸಮಿತಿಯಲ್ಲಿ ಟುವಾಲು ದೇಶ ಕೊಟ್ಟಿದ್ದಾರೆ. ಹೆಸರೇ ಕೇಳಿರಲಿಲ್ಲ. ದೊಡ್ಡ ದೇಶ ಸಿಕ್ಕಿದ್ದರೆ ಚೆನ್ನಾಗಿತ್ತು.
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ಈ ಸಮಿತಿಯಲ್ಲಿ ಟುವಾಲು ಸಿಕ್ಕಿದ್ದು ನಿನ್ನ ಅದೃಷ್ಟ ಕಣಮ್ಮ. ಪೆಸಿಫಿಕ್ ಸಾಗರದ ಒಂಬತ್ತು ಪುಟ್ಟ ದ್ವೀಪಗಳ ದೇಶ ಅದು. ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಐದು ಮೀಟರ್ ದಾಟುವುದಿಲ್ಲ. 2000ದಲ್ಲಿ ವಿಶ್ವಸಂಸ್ಥೆ ಸೇರಿತು. 2021ರ ಹವಾಮಾನ ಶೃಂಗಸಭೆಗಾಗಿ ಅದರ ವಿದೇಶಾಂಗ ಸಚಿವ ಸೈಮನ್ ಕೋಫೆ ಮೊಣಕಾಲುದ್ದ ಸಮುದ್ರದ ನೀರಿನಲ್ಲಿ ನಿಂತು ಭಾಷಣ ರೆಕಾರ್ಡ್ ಮಾಡಿದ್ದರು. 2023ರಲ್ಲಿ ಆಸ್ಟ್ರೇಲಿಯಾ ಜೊತೆ ಫಲೆಪಿಲಿ ಒಪ್ಪಂದವಾಯಿತು, ಅದರಡಿ ಟುವಾಲು ಜನ ಅಲ್ಲಿ ಹೋಗಿ ನೆಲೆಸಲು ದಾರಿ ಇದೆ. ಇಷ್ಟನ್ನು ಮೊದಲು ಓದು. ಆಮೇಲೆ 2022ರಲ್ಲಿ ಶರ್ಮ್ ಅಲ್ ಶೇಖ್‌ನಲ್ಲಿ ಒಪ್ಪಿದ ‘ನಷ್ಟ ಮತ್ತು ಹಾನಿ’ ನಿಧಿಯ ಬಗ್ಗೆ ಓದು. ಸಣ್ಣ ದ್ವೀಪ ದೇಶಗಳ ಒಕ್ಕೂಟದ ಸದಸ್ಯರ ಪಟ್ಟಿಯನ್ನು ಬರೆದಿಟ್ಟುಕೋ, ನಿನ್ನ ಗುಂಪು ಅದೇ. ಮೊದಲ ವಿರಾಮದಲ್ಲೇ ಆ ದೇಶಗಳವರನ್ನು ಹುಡುಕಿ ಮಾತಾಡಿಸು.

ಆರಂಭದ ಭಾಷಣಕ್ಕೆ 90 ಸೆಕೆಂಡ್ ಕೊಟ್ಟರೆ ಇಂಗ್ಲಿಷಿನಲ್ಲಿ 190 ಪದ ಮೀರಬೇಡ. ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ ನೋಡು. ಮಾಡರೇಟೆಡ್ ಕಾಕಸ್ (ಒಂದು ವಿಷಯದ ಮೇಲೆ ಒಬ್ಬೊಬ್ಬರಾಗಿ ಮಾತಾಡುವ ಚರ್ಚೆ) ಕೇಳುವಾಗ ವಿಷಯ, ಒಟ್ಟು ಸಮಯ, ಒಬ್ಬೊಬ್ಬರ ಸಮಯ ಮೂರನ್ನೂ ಹೇಳಬೇಕು. ಹತ್ತು ನಿಮಿಷ, ತಲಾ ಒಂದು ನಿಮಿಷ ಅಂದರೆ ಹತ್ತು ಜನ ಸರಿಯಾಗಿ ಹಿಡಿಯುತ್ತಾರೆ. ತಲಾ 45 ಸೆಕೆಂಡ್ ಅಂದರೆ ಹದಿಮೂರು ಜನ ಆಗಿ ಹದಿನೈದು ಸೆಕೆಂಡ್ ಮಿಗುತ್ತದೆ, ಅಧ್ಯಕ್ಷರು ಅಲ್ಲೇ ತಿರಸ್ಕರಿಸಬಹುದು. ಹೊಸಬರು ಮಾಡುವ ದೊಡ್ಡ ತಪ್ಪು ನಿರ್ಣಯದ ಭಾಷೆಯಲ್ಲಿ. ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಸಮಿತಿ ಯಾರಿಗೂ ಆಜ್ಞೆ ಕೊಡಲಾರದು. ಒತ್ತಾಯಿಸಬಹುದು, ಶಿಫಾರಸು ಮಾಡಬಹುದು. ದಿಗ್ಬಂಧನ ಹೇರುವುದು, ವೀಟೊ ಎಲ್ಲ ಭದ್ರತಾ ಮಂಡಳಿಯ ಮಾತು. ಮನೆಯಲ್ಲೇ ಬರೆದುಕೊಂಡ ನಿರ್ಣಯವನ್ನು ತರಬೇಡ, ಬಹಳ ಕಡೆ ಅದಕ್ಕೆ ಅನರ್ಹಗೊಳಿಸುತ್ತಾರೆ. ಅಂಶಗಳನ್ನು ತಲೆಯಲ್ಲಿ ಇಟ್ಟುಕೊಂಡು ಹೋಗು. ಓದಿದ್ದನ್ನೆಲ್ಲ ಪ್ರಿಂಟ್ ಹಾಕಿಸಿಕೋ, ಸಭಾಂಗಣದ ವೈಫೈ ನಂಬಬೇಡ.

ಪ್ರಶ್ನೆ: ಮಗನಿಗೆ ಹದಿಮೂರೂವರೆ. ಅವನ ವಸತಿ ಶಾಲೆಯಲ್ಲಿ ಐಎವೈಪಿ (ಇಂಟರ್‌ನ್ಯಾಷನಲ್ ಅವಾರ್ಡ್ ಫಾರ್ ಯಂಗ್ ಪೀಪಲ್) ಬ್ರಾಂಜ್‌ಗೆ ಸೇರಿಸುತ್ತಾರಂತೆ. ಏನದು?
– ಓದುಗರು, ಧಾರವಾಡ

ಉತ್ತರ: 1956ರಲ್ಲಿ ಬ್ರಿಟನ್‌ನಲ್ಲಿ ಶುರುವಾದ ಡ್ಯೂಕ್ ಆಫ್ ಎಡಿನ್‌ಬರ ಪ್ರಶಸ್ತಿಯ ಭಾರತದ ರೂಪ. ಬ್ರಾಂಜ್‌ಗೆ 14, ಸಿಲ್ವರ್‌ಗೆ 15, ಗೋಲ್ಡ್‌ಗೆ 16 ತುಂಬಿರಬೇಕು, ಆದ್ದರಿಂದ ಇನ್ನಾರು ತಿಂಗಳು ಕಾಯಿರಿ. ಸೇವೆ, ಕೌಶಲ, ದೈಹಿಕ ಚಟುವಟಿಕೆ ತಲಾ ಮೂರು ತಿಂಗಳು, ವಾರಕ್ಕೆ ಒಂದು ಗಂಟೆಯಂತೆ. ಅದರಲ್ಲಿ ಯಾವುದಾದರೂ ಒಂದು ಇನ್ನೂ ಮೂರು ತಿಂಗಳು. ಜೊತೆಗೆ ಸಾಹಸ ಪ್ರಯಾಣ: ಎರಡು ಹಗಲು, ಒಂದು ರಾತ್ರಿ, ದಿನಕ್ಕೆ ಆರು ಗಂಟೆ. ನಾಲ್ಕರಿಂದ ಏಳು ಮಕ್ಕಳ ತಂಡ ತಾನೇ ದಾರಿ ನೋಡಿಕೊಂಡು, ತಾನೇ ಅಡುಗೆ ಮಾಡಿಕೊಂಡು ಹೋಗಬೇಕು. ದೊಡ್ಡವರು ದೂರದಿಂದ ಗಮನಿಸುತ್ತಾರೆ. ಬಸ್ಸಿನಲ್ಲಿ ಹೋಗಿ ಗೈಡ್ ಬೆನ್ನಹಿಂದೆ ಬೆಟ್ಟ ಹತ್ತಿಳಿದದ್ದು ಪ್ರವಾಸ, ಸಾಹಸ ಪ್ರಯಾಣ ಅಲ್ಲ.

ಬೆನ್ನಿನ ಚೀಲ ಅವನ ತೂಕದ ಕಾಲು ಭಾಗ ಮೀರಬಾರದು. ಬೂಟು ಹೊಸದಾಗಿದ್ದರೆ ಎರಡು ವಾರ ಮೊದಲೇ ಹಾಕಿ ಓಡಾಡಿಸಿ, ಗುಳ್ಳೆ ಬಂದು ಪ್ರಯಾಣ ಅರ್ಧಕ್ಕೆ ನಿಲ್ಲುವುದೇ ಹೆಚ್ಚು. ಮಲೆನಾಡಿನಲ್ಲಿ ಮಳೆಗಾಲದಲ್ಲಿ ಇಟ್ಟರೆ ಇಂಬಳದ ಕಾಟ, ನವೆಂಬರ್ ನಂತರ ಇಡಿ ಅಂತ ಶಾಲೆಗೆ ಹೇಳಿ. ಕಾಡಿನ ದಾರಿಯಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ರಾತ್ರಿ ಉಳಿಯಲು ಎಲ್ಲ ಕಡೆ ಬಿಡುವುದಿಲ್ಲ.

ಪ್ರಶ್ನೆ: ಕ್ಲಬ್ಬು ಜಾಸ್ತಿ ಇದ್ದರೆ ಸೀಟು ಸುಲಭವಾಗಿ ಸಿಗುತ್ತದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಎಲ್ಲಿಗೆ ಅನ್ನುವುದರ ಮೇಲೆ ಹೋಗುತ್ತದೆ. ಸಿಇಟಿ ಮೂಲಕ ಎಂಜಿನಿಯರಿಂಗ್ ಅಂದರೆ ಹನ್ನೆರಡನೇ ತರಗತಿಯ ಅಂಕ ಅರ್ಧ, ಸಿಇಟಿ ಅರ್ಧ. ಕ್ಲಬ್ಬಿಗೆ ಜಾಗವೇ ಇಲ್ಲ. ಅಮೆರಿಕದ ಕಾಮನ್ ಆ್ಯಪ್‌ನಲ್ಲಿ ಹತ್ತು ಚಟುವಟಿಕೆಗೆ ಜಾಗವಿದೆ, ಒಂದೊಂದರ ವಿವರಣೆಗೆ 150 ಅಕ್ಷರ. ಅಷ್ಟರಲ್ಲಿ ‘ಸದಸ್ಯ’ ಅಂತ ಬರೆದು ಏನೂ ಗಿಟ್ಟುವುದಿಲ್ಲ, ಏನು ಮಾಡಿದೆ, ಎಷ್ಟು ಮಾಡಿದೆ ಅನ್ನುವುದು ಬೇಕು. ಬ್ರಿಟನ್ನಿನ ಯುಕಾಸ್ ಅರ್ಜಿಯಲ್ಲಿ 2026ರ ಪ್ರವೇಶದಿಂದ ಮೂರು ಪ್ರಶ್ನೆ, ಒಟ್ಟು 4,000 ಅಕ್ಷರ. ಅಲ್ಲಿ ಓದಲು ಹೊರಟ ವಿಷಯಕ್ಕೆ ಸಂಬಂಧಿಸಿದ ಚಟುವಟಿಕೆಗೇ ಬೆಲೆ.

ಪ್ರಶ್ನೆ: ನಮ್ಮ ಲೆಗೊ ಲೀಗ್ (ಶಾಲಾಮಕ್ಕಳ ರೋಬೋ ಸ್ಪರ್ಧೆ) ರೋಬೋ ಶಾಲೆಯ ಲ್ಯಾಬಿನಲ್ಲಿ ಸರಿಯಾಗಿ ಓಡುತ್ತದೆ, ಸ್ಪರ್ಧೆಯ ಟೇಬಲ್ ಮೇಲೆ ದಾರಿ ತಪ್ಪುತ್ತದೆ.
– ರೋಬೋಟಿಕ್ಸ್ ಕ್ಲಬ್ ಮಕ್ಕಳು, ಮೈಸೂರು

ಉತ್ತರ: ಬಣ್ಣದ ಸೆನ್ಸರ್‌ಗೆ ಅಲ್ಲಿನ ದೀಪ ಬೇರೆ. ಅಭ್ಯಾಸದ ಟೇಬಲ್ ಮೇಲೆ ಕಪ್ಪು–ಬಿಳುಪಿನ ಅಳತೆ ಮತ್ತೆ ತೆಗೆದುಕೊಳ್ಳಿ, ಸೆನ್ಸರ್ ಸುತ್ತ ಕಪ್ಪು ತುಂಡುಗಳ ಮರೆ ಕಟ್ಟಿ. ತಿರುವು ಅಳೆಯುವ ಗೈರೊ ಸೆನ್ಸರ್ ಶೂನ್ಯ ಮಾಡುವಾಗ ರೋಬೋ ಅಲುಗಾಡಬಾರದು, ಕೈ ತಾಗಿಸಿದರೂ ಕೆಡುತ್ತದೆ. ಚಕ್ರದ ದೂಳನ್ನು ಪ್ರತಿ ಪಂದ್ಯಕ್ಕೂ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಲ್ಯಾಬಿನಲ್ಲಿ ಯಾವ ಮಟ್ಟದ ಚಾರ್ಜಿನಲ್ಲಿ ಅಭ್ಯಾಸ ಮಾಡಿದ್ದಿರೋ ಅದೇ ಮಟ್ಟದಲ್ಲಿ ರೋಬೋವನ್ನು ಪಂದ್ಯಕ್ಕೆ ಇಳಿಸಿ. ದೂರ ಓಡುವ ಮೊದಲು ಗೋಡೆಗೆ ಹಿಂಬದಿ ಒತ್ತಿ ನೇರ ಮಾಡಿಕೊಳ್ಳಿ. ಪಂದ್ಯ ಎರಡೂವರೆ ನಿಮಿಷ ಮಾತ್ರ, ಹತ್ತು ಸಲದಲ್ಲಿ ಎಂಟು ಸಲವಾದರೂ ಸರಿಯಾಗಿ ಆಗದ ಮಿಷನ್ (ರೋಬೋ ಮಾಡಬೇಕಾದ ಕೆಲಸ) ಬಿಟ್ಟುಬಿಡಿ. ಟೇಬಲ್ ಮೇಲಿನ ಮಾದರಿ ಸಡಿಲವಿದ್ದರೆ ಶುರುವಾಗುವ ಮೊದಲೇ ರೆಫರಿಗೆ ತೋರಿಸಿ, ಪಂದ್ಯ ಮುಗಿದ ಮೇಲೆ ಹೇಳಿದರೆ ಕೇಳುವವರಿಲ್ಲ.