ತೋಟ ಮಾರಬೇಡಿ, ನವೆಂಬರಿನಲ್ಲಿ ಬರಬೇಡಿ

ಮೇಷ್ಟರೇ, ನಮಸ್ಕಾರ.

ತೀರ್ಥಹಳ್ಳಿಯಿಂದ ನೀವು ಬರೆದ ಕಾಗದದಲ್ಲಿ ಮೂರು ಪ್ರಶ್ನೆಗಳಿದ್ದವು. ಮಗ ನಿಮ್ಮಿಬ್ಬರಿಗೂ ಅಮೆರಿಕದಲ್ಲಿ ಕಾಯಂ ಆಗಿ ನೆಲೆಸಲು ಗ್ರೀನ್ ಕಾರ್ಡ್ ಮಾಡಿಸಿದ್ದಾನೆ. ಈ ವಯಸ್ಸಿನಲ್ಲಿ ನ್ಯೂಜೆರ್ಸಿಯ ಚಳಿ ತಡೆದೀತೇ? ಊಟ ಒಗ್ಗೀತೇ? ಮನೆ, ಎರಡು ಎಕರೆ ತೋಟ ಎಲ್ಲವನ್ನೂ ಮಾರಿ ಒಂದೇ ಸಲ ಬಂದುಬಿಡಬಹುದೇ?

ಚಳಿಗೆ ಕೋಟು ಸಿಗುತ್ತದೆ. ಊಟದ ಚಿಂತೆ ಬೇಡವೇ ಬೇಡ. ಇಲ್ಲಿನ ಎಡಿಸನ್ ಊರಿನಲ್ಲಿ ನಮ್ಮ ದೇಶದವರ ಅಂಗಡಿಗಳಿರುವ ಓಕ್ ಟ್ರೀ ರಸ್ತೆಗೆ ಹೋದರೆ ಪತ್ರೊಡೆಗೆ ಬೇಕಾದ ಕೆಸುವಿನ ಎಲೆ ಕೂಡ ಸಿಗುತ್ತದೆ. ಗುಜರಾತಿಗಳು ಅದರಲ್ಲಿ ಪಾತ್ರಾ ಮಾಡುತ್ತಾರೆ. ಮೂರನೆಯದಕ್ಕೆ ಆಮೇಲೆ ಬರುತ್ತೇನೆ. ನೀವು ಕೇಳದೇ ಬಿಟ್ಟ ಇನ್ನೊಂದು ಸಂಗತಿ ಇದೆ, ನಾನು ಸೋತದ್ದು ಅಲ್ಲಿಯೇ.

ನಾನು ಬಂದದ್ದು ಅರವತ್ತಮೂರರ ವಯಸ್ಸಿನಲ್ಲಿ, ಒಂದು ನವೆಂಬರಿನಲ್ಲಿ. ಬಂದ ಎರಡನೆಯ ವಾರ ಮಳೆ ಹಿಡಿಯಿತು. ಮಗ, ಸೊಸೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ. ನನ್ನವಳು ಪಕ್ಕದ ಬೀದಿಯ ತೆಲುಗಿನವರೊಬ್ಬರ ಜೊತೆ ದೇವಸ್ಥಾನಕ್ಕೆ. ಮಲೆನಾಡಿನ ಸಾಗರದ ಕಡೆಯವನಿಗೆ ಮಳೆ ಬಂದರೆ ಜಗಲಿಯಲ್ಲಿ ಕೂರಬೇಕು ಅನ್ನಿಸುವುದಿಲ್ಲವೇ? ಪಂಚೆಯಲ್ಲೇ, ಒಂದು ಶಾಲು ಹೊದ್ದು ಹೊರಗೆ ಬಂದೆ. ಹಿಂದೆ ಬಾಗಿಲು ಟಕ್ಕೆಂದು ತಾನೇ ಹಾಕಿಕೊಂಡಿತು. ಫೋನು ಒಳಗೆ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ತಿಜೋರಿಯ ಬೀಗದ ಕೈ ಕಾದವನು ಮಗನ ಮನೆಯ ಮೆಟ್ಟಿಲ ಮೇಲೆ ನಡುಗುತ್ತ ನಿಂತಿದ್ದೆ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ.

ಮುಕ್ಕಾಲು ಗಂಟೆಯಾದ ಮೇಲೆ ಎದುರುಮನೆಯ ಮುದುಕ ಕೈಬೀಸಿ ಕರೆದು ತನ್ನ ಕಾರಿನ ಶೆಡ್ಡಿನಲ್ಲಿ ಕುರ್ಚಿ ಹಾಕಿ ಕೂರಿಸಿದ. ಇಟಲಿ ಮೂಲದವನು, ಮೊದಲು ಬಡಗಿ. ಮೂಲೆಯಲ್ಲಿ ಗೋಣಿಚೀಲಗಳ ರಾಶಿ. ಏನಕ್ಕೆ ಎಂದು ಕೈಸನ್ನೆಯಲ್ಲಿ ಕೇಳಿದೆ. ಹಿತ್ತಿಲಿನ ಅಂಜೂರದ ಗಿಡ ತೋರಿಸಿದ. ಹಿಮ ಬೀಳುವ ಮುಂಚೆ ಅದನ್ನು ಬುಡದಿಂದ ತುದಿಯವರೆಗೆ ಸುತ್ತಿ ಕಟ್ಟಬೇಕಂತೆ. ನಮ್ಮಲ್ಲಿ ಕೊಳೆರೋಗಕ್ಕೆ ಹೆದರಿ ಅಡಿಕೆ ಗೊನೆಗೆ ಕೊಟ್ಟೆಯ ಹೊದಿಕೆ ಕಟ್ಟುವುದಿಲ್ಲವೇ, ಹಾಗೆ. ಮರುವಾರ ನಾನೇ ಹಗ್ಗ ಹಿಡಿದೆ. ಅವನ ಗಂಟು ಸಡಿಲವಿತ್ತು, ಬಿಚ್ಚಿ ನಮ್ಮಲ್ಲಿ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರರ ಗಂಟು ಹಾಕಿದೆ. ಬಂದ ಮೇಲೆ ಮೊದಲ ಬಾರಿಗೆ ಯಾರೋ ನನ್ನಿಂದ ಒಂದು ವಿಷಯ ಕಲಿತರು.

ಯಾರಿಗೂ ಗುರುತಿಲ್ಲದೆ, ಯಾರಿಗೂ ಬೇಕಾಗದೆ ಕೂರುವ ಈ ಸ್ಥಿತಿಯೇ ನಿಮಗೂ ಬರಲಿರುವುದು. ತೀರ್ಥಹಳ್ಳಿಯ ಪೇಟೆಯಲ್ಲಿ ನೂರು ಹೆಜ್ಜೆ ನಡೆದರೆ ಹತ್ತು ಮಂದಿ ಹಳೆಯ ವಿದ್ಯಾರ್ಥಿಗಳು ಸ್ಕೂಟರ್ ನಿಲ್ಲಿಸುತ್ತಾರೆ. ಇಲ್ಲಿ ನೀವು ಇಂಥವರ ಅಪ್ಪ, ಅಷ್ಟೇ. ಹಾಲು ತರಲೂ ಕಾರು ಬೇಕು, ಕಾರಿಗೆ ಮಗ ಬೇಕು, ಮಗನಿಗೆ ಪುರುಸೊತ್ತು ಬೇಕು. ಅವನು ಒಳ್ಳೆಯವನೇ, ನಿಮಗೇ ಕೇಳಿ ಕೇಳಿ ಸಾಕಾಗುತ್ತದೆ. ಮೊಮ್ಮಕ್ಕಳು ಚಿಕ್ಕವರಿರುವಾಗ ಮನೆಯಲ್ಲಿ ನಿಮಗೊಂದು ಕೆಲಸವಿರುತ್ತದೆ. ಹತ್ತು ದಾಟಿದ ಮೇಲೆ ಅವರಿಗೂ ನೀವು ಬೇಡ. ಅದಕ್ಕೇ ಬಂದ ದಿನವೇ ಬಾಗಿಲಿನ ಬೀಗದ ಸಂಖ್ಯೆ ಬಾಯಿಪಾಠ ಮಾಡಿ, ಸ್ವಂತ ಫೋನು ಮಾಡಿಸಿಕೊಳ್ಳಿ, ನಡೆದು ಹೋಗಬಹುದಾದ ಗ್ರಂಥಾಲಯವಿದೆಯೇ ನೋಡಿ. ನಿಮ್ಮ ಮನೆಯವರ ವಿಷಯದಲ್ಲಿ ನನಗೆ ಅಷ್ಟು ಚಿಂತೆಯಿಲ್ಲ. ಹೆಂಗಸರು ಅಡುಗೆಮನೆಯ ಕಿಟಕಿಯಿಂದಲೇ ಊರು ಕಟ್ಟಿಕೊಳ್ಳುತ್ತಾರೆ.

ಇನ್ನು ಕಾಯಿಲೆ. ಮಗನ ಕಂಪನಿಯ ವಿಮೆಯಲ್ಲಿ ಅವನ ಹೆಂಡತಿ ಮಕ್ಕಳಿಗೆ ಜಾಗವಿರುತ್ತದೆ, ಅಪ್ಪ ಅಮ್ಮನಿಗೆ ಸಾಮಾನ್ಯವಾಗಿ ಇರುವುದಿಲ್ಲ. 65 ದಾಟಿದವರಿಗೆ ಸರ್ಕಾರದ ಮೆಡಿಕೇರ್ ಇದೆಯಲ್ಲ ಎನ್ನುತ್ತಾರೆ. ಇಲ್ಲಿ ದುಡಿಯದೇ ಬಂದ ನಮ್ಮಂಥವರು ಗ್ರೀನ್ ಕಾರ್ಡಿನ ಮೇಲೆ ಐದು ವರ್ಷ ಸತತವಾಗಿ ವಾಸವಿದ್ದ ಮೇಲೆ ಮಾತ್ರ ಅದನ್ನು ಹಣ ಕೊಟ್ಟು ಕೊಳ್ಳಬಹುದು. 2025ರ ದರದಲ್ಲಿ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭಾಗಕ್ಕೆ 185 ಇತ್ತು, ಅದೂ ತಲಾ. ಅಲ್ಲಿಯವರೆಗೆ ಖಾಸಗಿ ವಿಮೆ. ಈ ಲೆಕ್ಕವನ್ನು ಮಗನ ಜೊತೆ ಕೂತು ಈಗಲೇ ಮಾಡಿ; ನಾಚಿಕೊಂಡರೆ ಮುಂದೆ ಇಬ್ಬರಿಗೂ ಕಷ್ಟ. ಹಲ್ಲು, ಕಣ್ಣಿನ ಪೊರೆ ಎಲ್ಲವನ್ನೂ ಶಿವಮೊಗ್ಗದಲ್ಲೇ ಮುಗಿಸಿಕೊಂಡು ವಿಮಾನ ಹತ್ತಿ.

ತೋಟ ಮಾರಬೇಡಿ. ಅನಿವಾಸಿಯಾದವರು ಭಾರತದಲ್ಲಿ ಕೃಷಿ ಭೂಮಿಯನ್ನಾಗಲೀ ತೋಟವನ್ನಾಗಲೀ ಕೊಳ್ಳುವಂತಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು. ಎರಡು ವರ್ಷದಲ್ಲಿ ಮನಸ್ಸು ಮುರಿದರೆ ಮರಳಲು ಒಂದು ಸೂರು ಬೇಕು. ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ, ಕೊಡಿ. ಮನೆಗೆ ಮಾತ್ರ ಯಾರನ್ನಾದರೂ ಇಡಿ. ಮಳೆಗಾಲದಲ್ಲಿ ಬಚ್ಚಲ ಒಲೆ ಉರಿಯದ ಮಲೆನಾಡಿನ ಮನೆ ಎಷ್ಟು ದಿನ ನಿಂತೀತು, ನಿಮಗೆ ಹೇಳಬೇಕೇ? ಒಂದು ತೊಡಕಿದೆ, ಅದನ್ನು ನನಗೆ ಮೊದಲು ಯಾರೂ ಹೇಳಲಿಲ್ಲ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲದಿದ್ದರೂ ಗ್ರೀನ್ ಕಾರ್ಡ್ ಇರುವವರ ಅಡಿಕೆ ದುಡ್ಡು ಅಮೆರಿಕದ ಲೆಕ್ಕಕ್ಕೆ ಬರುತ್ತದೆ; ನಿಮ್ಮ ಪಿಂಚಣಿ, ಠೇವಣಿಯ ಬಡ್ಡಿಯೂ ಬರುತ್ತವೆ. ಊರಿನ ಬ್ಯಾಂಕ್ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಬೇರೆಯಾಗಿ ವರದಿ ಸಲ್ಲಿಸಬೇಕು. ಊರಿನ ಮೊಬೈಲ್ ಸಂಖ್ಯೆಗೆ ರೀಚಾರ್ಜ್ ತಪ್ಪಿಸಬೇಡಿ. ನನ್ನದು ತಪ್ಪಿ ಸಂಖ್ಯೆಯೇ ಹೋಯಿತು, ಓಟಿಪಿ ಬಾರದೆ ನನ್ನ ಪಿಂಚಣಿಯನ್ನು ನಾನೇ ಐದು ತಿಂಗಳು ಮುಟ್ಟಲಾಗಲಿಲ್ಲ.

ನಾನೀಗ ಡಿಸೆಂಬರ್ ಮೊದಲ ವಾರ ಊರಿಗೆ ಹೋಗಿ ಫೆಬ್ರುವರಿ ಕೊನೆಗೆ ಮರಳುತ್ತೇನೆ. ಕೊಯ್ಲು ಸಿಗುತ್ತದೆ, ಇಲ್ಲಿ ಸಂಜೆ ನಾಲ್ಕೂವರೆಗೇ ಕವಿಯುವ ಕತ್ತಲೆಯೂ ತಪ್ಪುತ್ತದೆ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಮರಳುವಾಗ ಪ್ರಶ್ನೆಗಳೇಳುತ್ತವೆ, ವರ್ಷ ದಾಟಿದರೆ ಗ್ರೀನ್ ಕಾರ್ಡಿಗೇ ಸಂಚಕಾರ. ಆದರೆ ಸಾವು ನಮ್ಮ ತಿಂಗಳು ನೋಡಿ ಬರುವುದಿಲ್ಲ. ಅಣ್ಣ ಹೋದದ್ದು ಜುಲೈಯಲ್ಲಿ. ನಾನು ಮುಟ್ಟಿದ್ದು ನಾಲ್ಕನೆಯ ದಿನ, ಅಂಗಳದಲ್ಲಿ ನೀರು ನಿಂತಿತ್ತು.

ಟಿಕೆಟ್ ತೆಗೆಸುವುದಾದರೆ ಏಪ್ರಿಲ್ ಕೊನೆಗೆ ತೆಗೆಸಿ. ಅಪ್ಪೆಮಿಡಿ ಉಪ್ಪಿನಕಾಯಿ ತನ್ನಿ. ಒಂದೆಲಗದ ಬೇರು ಬೇಡ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ನಿಮ್ಮ ಮಗನ ಮನೆ ನಮ್ಮಲ್ಲಿಗೆ ಇಪ್ಪತ್ತು ನಿಮಿಷದ ದಾರಿ. ಅಂಜೂರದ ಗೋಣಿ ಬಿಚ್ಚುವುದು ಆ ಹೊತ್ತಿಗೇ. ಮುದುಕನಿಗೆ ಈಗ ಎಂಬತ್ತಾರು, ಏಣಿ ಹತ್ತಲಾಗುವುದಿಲ್ಲ. ನಾನು ಹತ್ತಿದರೆ ಕೆಳಗೆ ಹಿಡಿಯಲು ಒಬ್ಬರು ಬೇಕು.